ಬೀಳುವುದೇ ಚಿಕ್ಕಪ್ಪನ ಉದ್ಯೋಗ

ನಮ್ಮವ್ವನ ಧಾರೆ ಸೀರೆಯನ್ನು ಅವ್ವನಿಗಿಂತ ಹೆಚ್ಚು ಸಲ ಉಟ್ಟವರು ನಮ್ಮ ಚಿಕ್ಕಪ್ಪ. ಇದನ್ನು ಹೇಳಿದರೆ ಕೇಳಿದವರು ಒಂದು ಕ್ಷಣ ನನ್ನ ಮುಖ ನೋಡಿ, ಈ ವರ್ಷ ಬಿಸಿಲು ಜಾಸ್ತಿ ಅಲ್ಲವೇ ಎಂದು ಮಾತು ತಿರುಗಿಸುತ್ತಾರೆ. ನೀವೂ ಬೇಕಾದರೆ ತಿರುಗಿಸಬಹುದು. ಆದರೆ ಲೆಕ್ಕ ಇರುವುದೇ ಹಾಗೆ. ಅವ್ವ ಅದನ್ನು ಉಟ್ಟದ್ದು ಒಂದೇ ಸಲ, ಮದುವೆ ಮಂಟಪದಲ್ಲಿ. ಚಿಕ್ಕಪ್ಪ ಉಟ್ಟದ್ದು ನಾಲ್ಕು ಸಲ. ನಾಲ್ಕೂ ಸಲ ಅದನ್ನು ಉಟ್ಟುಕೊಂಡು ಹಂಪಿಯ ಬಂಡೆಯ ಮೇಲಿಂದ ತುಂಗಭದ್ರೆಗೆ ಬಿದ್ದಿದ್ದಾರೆ.

ನಮ್ಮದು ಕಂಪ್ಲಿಯಲ್ಲಿ ರೈಸ್ ಮಿಲ್ ಇರುವ ಮನೆತನ. ಹಣೆಗೆ ವಿಭೂತಿ, ಮೈಮೇಲೆ ಬಿಳಿ ಅಂಗಿ, ಬಾಯಲ್ಲಿ ಅಳೆದು ತೂಗಿದ ಮಾತು, ಇಷ್ಟೇ ನಮ್ಮ ಗಂಡಸರ ಅಲಂಕಾರ. ಅಪ್ಪ ಮದುವೆಯಾದ ಮೇಲೆ ಹೊಸಪೇಟೆಗೆ ಬಂದು ಬಟ್ಟೆ ಅಂಗಡಿ ಹಾಕಿದರು. ಅವರ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಮಿಲ್ಲಿನಲ್ಲೇ ಉಳಿದರು. ಉಳಿದು ಮಾಡಿದ್ದೇನು? ಭತ್ತದ ಚೀಲಗಳನ್ನು ಮಾಳಿಗೆ ಎತ್ತರಕ್ಕೆ ಪೇರಿಸಿ, ಅದರ ತುದಿಯಿಂದ ಹೊಟ್ಟಿನ ಗುಡ್ಡೆಗೆ ಹಾರಿದ್ದು. ಅಜ್ಜ ಅದನ್ನು ಹುಡುಗಾಟಿಕೆ ಎಂದು ಸುಮ್ಮನಿದ್ದರು. ಆಗ ಹುಡುಗನಿಗೆ ಇಪ್ಪತ್ತೈದು ವರ್ಷ.

ಹಂಪಿಗೆ ಯಾವುದೋ ಸಿನಿಮಾದವರು ಬಂದಿದ್ದಾರೆಂದು ನೋಡಲು ಹೋದ ದಿನ ಚಿಕ್ಕಪ್ಪನ ಹಣೆಬರಹ ತಿರುಗಿತು. ಬಂಡೆಯ ಮೇಲೆ ಒಬ್ಬ ಸ್ಟಂಟ್‌ನವನು ನಿಂತು, ನೀರು ನೋಡುತ್ತ, ಹಾರಲೋ ಬೇಡವೋ ಎಂದು ಅರ್ಧ ಗಂಟೆ ತೆಗೆದುಕೊಂಡನಂತೆ. ಚಿಕ್ಕಪ್ಪನಿಗೆ ಬೇಸರವಾಯಿತು. "ಇಷ್ಟಕ್ಕ ಯಾಕ್ರಿ ಇಷ್ಟೊತ್ತು?" ಎಂದು ಕೇಳಿ, ವಾಚು ಬಿಚ್ಚಿ ಪಕ್ಕದವರ ಕೈಗೆ ಕೊಟ್ಟು, ತಾವೇ ಹಾರಿಬಿಟ್ಟರು. ಈಜಿ ದಡಕ್ಕೆ ಬರುವಷ್ಟರಲ್ಲಿ ಫೈಟ್ ಮಾಸ್ಟರ್ ಟವೆಲ್ ಹಿಡಿದು ಕಾಯುತ್ತಿದ್ದರು. ವಾಚು ಹಿಡಿದವರು ಮಾತ್ರ ಕಾಯಲಿಲ್ಲ.

ಅಂದಿನಿಂದ ಹಂಪಿಗೆ ಯಾವ ಸಿನಿಮಾದವರು ಬಂದರೂ ಚಿಕ್ಕಪ್ಪನಿಗೆ ಕರೆ. ಮನೆಯಲ್ಲಿ ಗೊತ್ತಿರಲಿಲ್ಲ. ಮೈಮೇಲೆ ತರಚಿದ ಗಾಯ ಕಂಡರೆ, ಮಿಲ್ಲಿನ ಬೆಲ್ಟು ತಗುಲಿತು ಅನ್ನುತ್ತಿದ್ದರು. ಅಜ್ಜ ಎರಡು ಸಲ ಬೆಲ್ಟು ಬದಲಾಯಿಸಿದರು.

ಗೊತ್ತಾದದ್ದು ಹೆಣ್ಣು ನೋಡುವ ದಿನ. ಹೆಣ್ಣು ಸಂಡೂರಿನವರು. ಸೋಮವಾರ ವಿರೂಪಾಕ್ಷನ ದರ್ಶನ ಮಾಡಿ, ಅಲ್ಲೇ ಗುಡಿಯಲ್ಲಿ ಹುಡುಗ ಹುಡುಗಿ ನೋಡಿಕೊಳ್ಳಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಹೆಣ್ಣಿನ ಕಡೆಯ ಒಂಬತ್ತು ಮಂದಿ ಬಂದರು. ನಮ್ಮ ಕಡೆಯಿಂದ ಅಜ್ಜ, ಅಪ್ಪ, ಅವ್ವ, ಎಂಟು ವರ್ಷದ ನಾನು. ಹುಡುಗನೊಬ್ಬ ಬಿಟ್ಟು ಎಲ್ಲರೂ ಬಂದಿದ್ದೆವು. "ಮಿಲ್ಲಿನ ಕೆಲಸ ಭಾಳ ಐತ್ರಿ, ಬರ್ತಾನ," ಎಂದರು ಅಜ್ಜ. ಹೊತ್ತು ಕಳೆಯಲು ಎಲ್ಲರೂ ಹೊಳೆದಂಡೆಯತ್ತ ನಡೆದೆವು. ದಾರಿಯುದ್ದಕ್ಕೂ ಅಜ್ಜ ಮಗನ ಗುಣಗಾನ ನಡೆಸಿದ್ದರು. "ನಮ್ಮ ಹುಡುಗ ಭಾಳ ಸಭ್ಯ ಅದಾನ್ರಿ. ನೆಲ ನೋಡಿಕೊಂಡ ನಡೀತಾನ."

ದಂಡೆಯಲ್ಲಿ ಜನ ನೆರೆದಿದ್ದರು. ಎದುರಿನ ಬಂಡೆಯ ತುದಿಯಲ್ಲಿ ಹಸಿರು ಸೀರೆಯ ನಾಯಕಿ ನಿಂತಿದ್ದಳು. ಯಾರೋ ಕೂಗಿದರು. ನಾಯಕಿ ಎರಡೂ ಕೈ ಚಾಚಿ, ಕೂದಲು ಹಾರಿಸುತ್ತ, ತಲೆಕೆಳಗಾಗಿ ನೀರಿಗೆ ಬಿದ್ದಳು. "ಪಾಪ, ಯಾರ ಮಗಳೋ ಏನೋ," ಎಂದರು ಅಜ್ಜ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದಂತೆ ನಾಯಕಿ ನಮ್ಮ ಕಡೆಯ ದಂಡೆಗೇ ಈಜಿ ಬಂದಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದಳು. ಆಮೇಲೆ ತಲೆಗೂದಲನ್ನು ಪೂರ್ತಿ ಕೈಗೆ ತೆಗೆದುಕೊಂಡು, ಒದ್ದೆ ಪಂಚೆ ಹಿಂಡುವ ಹಾಗೆ ಹಿಂಡಿದಳು.

ಮೊದಲು ಗುರುತು ಹಿಡಿದವಳು ಅವ್ವ. ಮೈದುನನನ್ನಲ್ಲ. "ಅದು ನನ್ನ ಧಾರಿ ಸೀರಿ," ಎಂದಳು ಮೆಲ್ಲಗೆ.

ನಾಯಕಿಯ ಸೀರೆಗೆ ಜೋಡಿ ಸಿಗದೆ ಶೂಟಿಂಗ್ ನಿಂತಿತ್ತಂತೆ. ಅತ್ತಿಗೆಯ ಟ್ರಂಕಿನಲ್ಲಿ ಅದೇ ಬಣ್ಣ ಇರುವುದು ಚಿಕ್ಕಪ್ಪನಿಗೆ ನೆನಪಾಗಿತ್ತು. ನಾಲ್ಕನೆಯ ಟೇಕು ಓಕೆ ಆಗಿ ಮೇಲೆ ಬಂದಾಗ ಎದುರಿಗೆ ಸಂಡೂರಿನ ಒಂಬತ್ತು ಮಂದಿ ಬೀಗರು ನಿಂತಿದ್ದರು. ಅಜ್ಜನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹುಡುಗಿಯ ಅಪ್ಪ ಹೊಳೆಯ ಆಚೆ ದಡದಲ್ಲಿ ಏನೋ ಮುಖ್ಯವಾದದ್ದು ಕಂಡವರಂತೆ ಅತ್ತಲೇ ನೋಡುತ್ತಿದ್ದರು.

ಬಂದ ಕೆಲಸ ಮುಗಿಸಬೇಕಲ್ಲ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಚಿಕ್ಕಪ್ಪ ಅಂಗಿ ಬದಲಿಸಿದ್ದರು. ಕಣ್ಣಿನ ಕಾಡಿಗೆ, ತುಟಿಯ ಬಣ್ಣ ಹೋಗಿರಲಿಲ್ಲ. ಇಬ್ಬರಲ್ಲಿ ಹೆಚ್ಚು ಸಿಂಗಾರವಾಗಿ ಕಂಡವರು ಅವರೇ. ಹುಡುಗಿ ಒಂದೇ ಪ್ರಶ್ನೆ ಕೇಳಿದರು. "ಅಷ್ಟು ಮ್ಯಾಲಿಂದ ಬೀಳೂವಾಗ ಅಂಜಿಕಿ ಆಗಲಿಲ್ಲೇನ್ರಿ?"

"ಆಗ ಆಗಲಿಲ್ರಿ," ಎಂದರು ಚಿಕ್ಕಪ್ಪ. "ಈಗ ಆಗಾಕತ್ತೈತಿ."

ಹುಡುಗಿ ಮನೆಗೆ ಹೋಗಿ, ಸುಳ್ಳು ಹೇಳದ ಮನುಷ್ಯ, ಇವರೇ ಇರಲಿ ಎಂದರಂತೆ. ಆಘಾತದ ಮೇಲೆ ಆಘಾತ. ಎರಡು ತಿಂಗಳಲ್ಲಿ ಅವರು ನಮ್ಮ ಚಿಕ್ಕಮ್ಮ ಆದರು.

ಮದುವೆಯಾದ ಮೇಲೆ ಚಿಕ್ಕಪ್ಪ ಹೊಸಪೇಟೆಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಸಂಸಾರ ಹೂಡಿದರು. ಅಲ್ಲಿಂದ ನಮ್ಮ ಜೀವಕ್ಕೆ ನೆಮ್ಮದಿಯಿಲ್ಲ. ಈ ಮನುಷ್ಯ ಅಭ್ಯಾಸಕ್ಕೆಂದು ಎಲ್ಲೆಂದರಲ್ಲಿ ಬೀಳುತ್ತಿದ್ದರು. ಸೈಕಲ್ಲಿನಿಂದ ಬೀಳುತ್ತಿದ್ದರು, ಕಾಂಪೌಂಡಿನಿಂದ ಬೀಳುತ್ತಿದ್ದರು, ಊಟಕ್ಕೆ ಕೂತಲ್ಲಿಂದಲೂ ಪಕ್ಕಕ್ಕೆ ಉರುಳುತ್ತಿದ್ದರು. ಹೊಸಬರು ಹೌಹಾರುತ್ತಿದ್ದರು. ಚಿಕ್ಕಮ್ಮ ಮಾತ್ರ ಮೂರು ತಿಂಗಳಲ್ಲಿ ತಿರುಗಿ ನೋಡುವುದನ್ನು ಬಿಟ್ಟರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಹೆಡ್‌ಮಾಸ್ತರರು ನನ್ನ ಗಣಿತದ ಪೇಪರು ಹಿಡಿದು ಮನೆಗೇ ಬಂದರು. ಅಪ್ಪನೆದುರು ಕೂತು ಪೇಪರು ಬಿಚ್ಚಿದರು. ಅಷ್ಟರಲ್ಲಿ ಮಾಳಿಗೆಯಿಂದ ಒಂದು ಹಿತ್ತಾಳೆ ಕೊಡ, ಅದರ ಹಿಂದೆ ಚಿಕ್ಕಪ್ಪ, ಇಬ್ಬರೂ ಮೆಟ್ಟಿಲ ಮೇಲಿಂದ ಗಡಗಡನೆ ಉರುಳಿ ಬಂದು ಹೆಡ್‌ಮಾಸ್ತರರ ಪಾದದ ಬಳಿ ನಿಂತರು. ಹೆಡ್‌ಮಾಸ್ತರರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು.

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಎಷ್ಟು ಮೆಟ್ಟಲಾದುವು?"

"ಹನ್ನೊಂದು," ಎಂದರು ಚಿಕ್ಕಪ್ಪ, ಮಲಗಿದಲ್ಲಿಂದಲೇ.

"ಹನ್ನೆರಡು ಅದಾವ. ಒಂದು ಬಿಟ್ಟೀರಿ."

ಚಿಕ್ಕಪ್ಪ ಎದ್ದು, ಕೊಡ ಎತ್ತಿಕೊಂಡು, ಬಿಟ್ಟ ಮೆಟ್ಟಿಲನ್ನು ಸೇರಿಸಿ ಮತ್ತೆ ಬೀಳಲು ಮೇಲೆ ಹೊರಟರು. ಹೆಡ್‌ಮಾಸ್ತರರು ಎರಡು ಲೋಟ ನೀರು ಕುಡಿದು ಎದ್ದು ಹೋದರು. ನನ್ನ ಗಣಿತದ ವಿಷಯ ಆ ಮನೆಯಲ್ಲಿ ಮತ್ತೆಂದೂ ಬರಲಿಲ್ಲ. ಇಂದು ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವುದಕ್ಕೆ ಆ ಬೀಳುವಿಕೆಯೇ ಕಾರಣ ಎಂದು ಅವ್ವನ ವಾದ.

ಇನ್ನು ಅವರು ಹಾಸ್ಯನಟರಾದ ಬಗೆ. ಸಂಡೂರಿನ ಗುಡ್ಡದಲ್ಲಿ ಒಂದು ಹೊಡೆದಾಟದ ದೃಶ್ಯ. ಖಳನ ಕಡೆಯ ಇಪ್ಪತ್ತು ಮಂದಿ ಸತ್ತು ಕೆಂಪು ಮಣ್ಣಿನಲ್ಲಿ ಬಿದ್ದಿರಬೇಕು, ನಾಯಕ ಅವರ ನಡುವೆ ನಿಂತು ಧರ್ಮದ ಬಗ್ಗೆ ಉದ್ದನೆಯ ಮಾತಾಡಬೇಕು. ಚಿಕ್ಕಪ್ಪ ಅವತ್ತು ಅರವತ್ತು ಅಡಿ ಎತ್ತರದ ಗುಡ್ಡದಂಚಿನಿಂದ ಉರುಳಿ ಬಂದು, ಕ್ಯಾಮೆರಾದ ಮುಂದೆಯೇ ಸತ್ತಿದ್ದರು. ನಾಯಕ ಧರ್ಮ ಎನ್ನುವಷ್ಟರಲ್ಲಿ ಚಿಕ್ಕಪ್ಪನ ಜೇಬಿನ ಫೋನು ರಿಂಗಾಯಿತು. ಬೇರೆ ಯಾರಾದರೂ ಎದ್ದು ಕ್ಷಮೆ ಕೇಳುತ್ತಿದ್ದರು. ಚಿಕ್ಕಪ್ಪ ಕಣ್ಣು ಬಿಡಲಿಲ್ಲ. ಕೈಯೊಂದೇ ಮೆಲ್ಲಗೆ ಜೇಬಿಗೆ ಹೋಗಿ ಫೋನನ್ನು ಕಿವಿಗೆ ತಂದಿತು. "ನಾ ಸತ್ತೀನಿ. ಆಮ್ಯಾಲೆ ಮಾತಾಡ್ತೀನಿ," ಎಂದು ಹೇಳಿ, ಫೋನು ಜೇಬಿಗೆ ಹಾಕಿ, ಕೈಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಮತ್ತೆ ಸತ್ತರು.

ಫೋನು ಮಾಡಿದ್ದು ಚಿಕ್ಕಮ್ಮ. ಅವರು ಕೆಳಗಿಳಿದು ಬಂದು ಅವ್ವನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಯಕ್ಕಾ, ನಿಮ್ಮ ಮೈದುನ ಸತ್ತಾರಂತ. ರಾತ್ರಿಗೆ ಅಕ್ಕಿ ಎಷ್ಟು ಹಾಕ್ಲಿ ಗೊತ್ತಾಗವಲ್ದು."

ನಿರ್ದೇಶಕರು ಆ ಶಾಟನ್ನು ಹಾಗೆಯೇ ಉಳಿಸಿಕೊಂಡರು. ಸಿನಿಮಾ ಹೊಸಪೇಟೆಗೆ ಬಂದಾಗ ಮನೆಮಂದಿಯೆಲ್ಲ ಹೋದೆವು. ಅರವತ್ತು ಅಡಿಯ ಉರುಳುವಿಕೆ ಬಂದಾಗ ಚಿಕ್ಕಪ್ಪ ಉಸಿರು ಬಿಗಿಹಿಡಿದು ಜನರ ಮುಖ ನೋಡಿದರು. ಮುಂದಿನ ಸಾಲಿನವರು ಶೇಂಗಾ ಸುಲಿಯುತ್ತಿದ್ದರು. ಫೋನು ರಿಂಗಾದಾಗ ಮಾತ್ರ ಥಿಯೇಟರು ಕಿತ್ತುಹೋಯಿತು. ಸಿಳ್ಳೆ, ಚಪ್ಪಾಳೆ, ಒನ್ಸ್ ಮೋರ್. ನಾನು ಖುಷಿಯಿಂದ ತಿರುಗಿ ನೋಡಿದರೆ ಚಿಕ್ಕಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

"ಗುಡ್ಡದ ಮ್ಯಾಲಿಂದ ಬಿದ್ದೆ, ಒಬ್ಬಾವನೂ ಅಯ್ಯೋ ಅನಲಿಲ್ಲ," ಎಂದು ಮೂರು ದಿನ ಊಟ ಬಿಟ್ಟರು. ಮೂರನೆಯ ದಿನ ಬೆಂಗಳೂರಿನಿಂದ ಕರೆ ಬಂತು. ಹಾಸ್ಯದ ಪಾತ್ರ. ನಾಲ್ಕನೆಯ ದಿನ ಊಟ ಮಾಡಿದರು.

ಅಲ್ಲಿಂದ ಹತ್ತು ವರ್ಷ ಅವರು ಜನರನ್ನು ನಗಿಸಿದರು. ಅದರ ಫಲ ಏನಾಯಿತೆಂದರೆ, ಅವರು ಏನು ಮಾಡಿದರೂ ಜನ ನಗತೊಡಗಿದರು. ಕಂಪ್ಲಿಯಲ್ಲಿ ನಮ್ಮ ಮಿಲ್ಲಿನ ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಚಿಕ್ಕಪ್ಪ ದರ್ಶನಕ್ಕೆ ಹೋದರು. ಹೆಣವನ್ನು ಕೂರಿಸಿ, ಹಾರ ಹಾಕಿ, ಭಜನೆ ನಡೆದಿತ್ತು. ಚಿಕ್ಕಪ್ಪ ಎದುರಿಗೆ ಹೋಗಿ ಕೈಮುಗಿದು ನಿಂತರು. ಆ ಹೊತ್ತಿಗೇ ಯಾರದೋ ಫೋನು ರಿಂಗಾಗಬೇಕೇ?

ಭಜನೆ ನಿಂತಿತು. ಎಲ್ಲರ ಕಣ್ಣೂ ಮೊದಲು ಚಿಕ್ಕಪ್ಪನ ಕಡೆ, ಆಮೇಲೆ ಹೆಣದ ಕಡೆ ಹೋದವು. ತಾಳ ಹಿಡಿದವರೊಬ್ಬರು ಮೂಗಿನಲ್ಲಿ ಒಂದು ಸದ್ದು ಮಾಡಿದರು. ಆ ಸದ್ದು ಸಾಲುಸಾಲಾಗಿ ಹಬ್ಬಿತು. ನಾನು ಸೆರಗಿನ ತುದಿ ಕಚ್ಚಿಕೊಂಡೆ. ಸೆರಗು ಮುಚ್ಚಿಕೊಂಡಿದ್ದ ಆ ಮನೆಯ ಅಮ್ಮನ ಭುಜಗಳು ಕುಲುಕುತ್ತಿದ್ದವು. ಚಿಕ್ಕಪ್ಪ ಬಿಳಿಚಿಕೊಂಡು ಹಿಂದೆ ಹಿಂದೆ ನಡೆದು ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದರು. ಹನ್ನೊಂದನೆಯ ದಿನ ಆ ಅಮ್ಮ ಇವರನ್ನು ಕರೆಸಿದರು. ಬೈಗುಳಕ್ಕೆ ತಯಾರಾಗಿ ಹೋದರೆ, ಕೂರಿಸಿ, "ನೀ ಬಂದಿದ್ದು ಚೊಲೋ ಆತಪ್ಪ. ಅಲ್ಲೀ ತನಕ ನನಗ ಉಸಿರ ಬಿಡಾಕ ಆಗಿದ್ದಿಲ್ಲ," ಎಂದರಂತೆ. ಆದರೂ ಚಿಕ್ಕಪ್ಪ ಅಂದಿನಿಂದ ಯಾರ ಸಾವಿಗೆ ಹೋಗಬೇಕಾದರೂ ಮೊದಲೇ ಹೇಳಿ ಕಳಿಸಿ, ಬರಬಹುದೇ ಎಂದು ಕೇಳಿಕೊಂಡೇ ಹೋಗುತ್ತಾರೆ.

ಕಳೆದ ವರ್ಷ ಅವರಿಗೆ ನಿರ್ದೇಶಕರಾಗುವ ಹುಕಿ ಬಂತು. ಕತೆ ಅವರದೇ: ಮದುವೆ ದಿಬ್ಬಣವೊಂದು ಕಂಪ್ಲಿಯಿಂದ ಸಂಡೂರಿಗೆ ಹೊರಟು, ತೋರಣಗಲ್ಲಿನ ಹತ್ತಿರ ಗಾಡಿ ಕೆಟ್ಟು, ಫ್ಯಾಕ್ಟರಿ ಕೆಲಸಗಾರರ ಬಸ್ಸಿಗೆ ಹತ್ತಿ, ಮದುಮಗ ಶಿಫ್ಟಿಗೆ ಹೋಗಿಬಿಡುವ ಗೊಂದಲ. ಕತೆಯ ತುಂಬ ಬೀಳುವವರೇ. ಅಜ್ಜಿ ಬೀಳುತ್ತಾಳೆ, ಪುರೋಹಿತ ಬೀಳುತ್ತಾನೆ, ಡ್ರೈವರು ಬೀಳುತ್ತಾನೆ, ಕರಡಿಯೊಂದು ಬೀಳುತ್ತದೆ. ನಮ್ಮ ಕಡೆಯ ನಾಟಕದವರು, ನೆಂಟರು, ಇಷ್ಟರಲ್ಲೇ ಪಾತ್ರ ಹಂಚಿದರು. ನನಗೂ ಹೆಣ್ಣಿನ ಸೋದರತ್ತೆಯ ಪಾತ್ರ. ಬಳ್ಳಾರಿಯ ಕ್ಯಾಮೆರಾಮನ್ ಒಬ್ಬರು ಬಂದರು.

ಮೊದಲ ದಿನವೇ ವಿಚಿತ್ರ ಶುರುವಾಯಿತು. ಪುರೋಹಿತನ ಪಾತ್ರದವರು ಕಟ್ಟೆಯಿಂದ ಜಾರಬೇಕು. ಕೆಳಗೆ ಹಾಸಿಗೆ ಹಾಸಿದೆ. ಅವರು ಜಾರಿದರು. ಪೂರ್ತಿ ಬೀಳುವ ಮೊದಲೇ ಚಿಕ್ಕಪ್ಪ ಕಟ್ ಎಂದು ಕೂಗಿ, ಓಡಿ ಹೋಗಿ ತೋಳು ಹಿಡಿದರು. ಮತ್ತೆ ಟೇಕು, ಮತ್ತೆ ಕಟ್. ಒಂಬತ್ತು ಸಲ. ಡ್ರೈವರನ ಪಾತ್ರದವರು ಬಸ್ಸಿನ ಎರಡನೆಯ ಮೆಟ್ಟಿಲಿನಿಂದ ಬೀಳಬೇಕು. ಅದಕ್ಕೂ ಕಟ್.

"ಸರ್, ಇವರು ಬೀಳಲಿಲ್ಲಂದ್ರ ಕಾಮಿಡಿ ಎಲ್ಲಿಂದ ಬರ್ತೈತ್ರಿ?" ಎಂದು ಕ್ಯಾಮೆರಾಮನ್ ಕೇಳಿದರು.

"ನಾ ಬೀಳ್ತೀನಿ," ಎಂದರು ಚಿಕ್ಕಪ್ಪ.

ಮಾತಿಗೆ ಹೇಳಿದ್ದಲ್ಲ. ಪುರೋಹಿತನ ಮಡಿ ಉಟ್ಟು ಅವರೇ ಬಿದ್ದರು, ಡ್ರೈವರನ ಖಾಕಿ ಹಾಕಿ ಅವರೇ ಬಿದ್ದರು. ಕರಡಿಯ ಉಡುಪು ಹಾಕಿಕೊಂಡು ಹಂಪಿಯ ಬಂಡೆಯಿಂದ ಬಿದ್ದು, ಅದೇ ವೇಷದಲ್ಲಿ ಬಜಾರಿನ ಮಂಟಪದಲ್ಲಿ ಕೂತು ಚಹಾ ಕುಡಿಯುವುದನ್ನು ಕಂಡ ಪ್ರವಾಸಿಯೊಬ್ಬರು ಚೀಲ ಅಲ್ಲೇ ಬಿಟ್ಟು ಓಡಿದರು. ಕರಡಿ ಆ ಚೀಲ ಹಿಡಿದು, ಮೇಡಂ ಮೇಡಂ ಎನ್ನುತ್ತ ಹಿಂದೆ ಓಡಿತು. ಐವತ್ತೈದು ದಾಟಿದ ಮನುಷ್ಯ. ಯಾಕೆ ಈ ಹಟ ಎಂದು ನಾವು ಕೇಳಿದರೆ, ಬೇರೆಯವರಿಗೆ ಬೀಳುವುದಕ್ಕೆ ಬರುವುದಿಲ್ಲ ಎಂದಷ್ಟೇ ಹೇಳುತ್ತಿದ್ದರು.

ಕೊನೆಯ ದಿನ ಕಂಪ್ಲಿಯ ನಮ್ಮ ಮಿಲ್ಲಿನ ಅಂಗಳದಲ್ಲಿ ಶೂಟಿಂಗ್. ಲಾರಿಯ ನೆತ್ತಿಯಿಂದ ಅಜ್ಜಿ ಭತ್ತದ ಹೊಟ್ಟಿನ ಮೇಲೆ ಬೀಳುವ ಶಾಟು. ದಿಬ್ಬಣದ ಜನರಾಗಿ ಇನ್ನೂರು ಮಂದಿ ನೆಂಟರಿದ್ದರು. ಮದುವೆಯಾದ ಮೇಲೆ ಶೂಟಿಂಗ್ ಕಡೆ ಎಂದೂ ಬರದ ಚಿಕ್ಕಮ್ಮ ಅವತ್ತು ನೆಂಟರಿಗೆ ಊಟ ಬಡಿಸಲು ಬಂದಿದ್ದರು. ಚಿಕ್ಕಪ್ಪ ಬಿಳಿ ವಿಗ್ಗು, ಇಳಕಲ್ ಸೀರೆಯಲ್ಲಿ ಲಾರಿ ಹತ್ತಿದರು. ಸೊಂಟಕ್ಕೆ ಕೈಕೊಟ್ಟು ಎರಡು ಹೆಜ್ಜೆ ಕುಣಿದು, ಜಾರಿ ಬಿದ್ದರು. ಜನ ಬಿದ್ದು ಬಿದ್ದು ನಕ್ಕರು. ಚಪ್ಪಾಳೆ ಹೊಡೆದರು. ಚಿಕ್ಕಪ್ಪ ಏಳಲಿಲ್ಲ. ಚಪ್ಪಾಳೆ ಜಾಸ್ತಿಯಾಯಿತು. ನಾನೂ ಹೊಡೆಯುತ್ತಿದ್ದೆ.

"ಕ್ಯಾಮೆರಾ ಬಂದ್ ಮಾಡ್ರಿ," ಎಂದರು ಚಿಕ್ಕಮ್ಮ. ಅವರ ಕೈಯ ಸಾರಿನ ಬಕೆಟ್ಟು ನೆಲಕ್ಕೆ ಬಿದ್ದಿತ್ತು. "ಅವರು ಹಂಗ ಬೀಳಂಗಿಲ್ಲ."

ಜನ ಅದಕ್ಕೂ ನಕ್ಕರು. ಅದೂ ಸಿನಿಮಾದ ಮಾತೆಂದುಕೊಂಡರು. ಚಿಕ್ಕಮ್ಮ ಆ ಇನ್ನೂರು ಜನರ ನಗುವಿನ ನಡುವೆಯೇ ಓಡಿದರು. ಅವರು ಹೊಟ್ಟಿನಲ್ಲಿ ಮಂಡಿಯೂರಿ ವಿಗ್ಗು ತೆಗೆದು, ಚಿಕ್ಕಪ್ಪನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಾಗ ಅಂಗಳ ತಣ್ಣಗಾಯಿತು. ನನ್ನ ಕೈಗಳು ಚಪ್ಪಾಳೆಯ ನಡುವೆ ಹಾಗೆಯೇ ನಿಂತುಹೋದವು.

ಚಿಕ್ಕಪ್ಪ ಕಣ್ಣು ಬಿಟ್ಟು, "ಶಾಟ್ ಬಂತೇನ್ರಿ?" ಎಂದರು. ಚಿಕ್ಕಮ್ಮ ಅಷ್ಟೂ ನೆಂಟರ ಎದುರಿಗೆ ಅವರ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ಅದೇ ಕೆನ್ನೆಯನ್ನು ಸೆರಗಿನಿಂದ ಒರೆಸಿದರು.

ಸೊಂಟದ ಎಲುಬು ಮುರಿದಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಒಳಗೆ ಕಬ್ಬಿಣ ಸೇರಿತು. ಉಳಿದ ಕೆಲಸವನ್ನು ಚಿಕ್ಕಪ್ಪ ಮಂಚದ ಮೇಲಿಂದ ಮುಗಿಸಿದರು. ಒಂದೂವರೆ ತಿಂಗಳಾಗಿ ವಾಕರ್ ಹಿಡಿದು ಹೆಜ್ಜೆ ಇಡತೊಡಗಿದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮ ನನ್ನನ್ನು ಕರೆದರು. "ಇವತ್ತು ಅಮಾಸಿ. ಹ್ವಾದ ಅಮಾಸಿ ಆಸ್ಪತ್ರ್ಯಾಗ ಹೋತು ಅಂತ ಅಳಾಕತ್ತಾರ. ಕಾರಿನ್ಯಾಗ ಪಾಪಿನಾಯಕನಹಳ್ಳಿಗೆ ಕರ್ಕೊಂಡು ಹೋಗಿ ಬಾ."

ಅಮಾವಾಸ್ಯೆಯ ದಿನ ಚಿಕ್ಕಪ್ಪ ಎಲ್ಲಿದ್ದರೂ ಬೈಕ್ ಹತ್ತಿ ಹೋಗುವುದು ನಮಗೆ ಗೊತ್ತಿತ್ತು. ಯಾವುದೋ ದೇವರ ಹರಕೆ ಅಂದುಕೊಂಡಿದ್ದೆವು. ಚಿಕ್ಕಪ್ಪ ಅಳುತ್ತಾರೆ ಎಂಬ ಸುದ್ದಿಯೇ ನನಗೆ ಹೊಸದು.

ಪಾಪಿನಾಯಕನಹಳ್ಳಿಯಲ್ಲಿ ಅವರು ತೋರಿಸಿದ್ದು ಗುಡಿಯನ್ನಲ್ಲ, ಒಂದು ಚಿಕ್ಕ ಮನೆಯನ್ನು. ಬಾಗಿಲಲ್ಲೇ ಗಾಲಿ ಕುರ್ಚಿಯಲ್ಲಿ ಕೂತು ಒಬ್ಬರು ಬೋರಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ತೋಳುಗಳು ಪೈಲ್ವಾನರವು. ಲುಂಗಿಯ ಕೆಳಗಿನ ಕಾಲುಗಳು ಬೆತ್ತದಂತೆ ಸಣ್ಣಗಿದ್ದವು. ಹೆಸರು ಗಾದಿಲಿಂಗಪ್ಪ.

"ಒಂದು ಅಮಾಸಿ ತಪ್ಪಿಸಿದಿ," ಎಂದರು ತಂತಿಯಿಂದ ಕಣ್ಣೆತ್ತದೆ.

"ಬಿದ್ದಿದ್ದೆ."

"ಮೊಬೈಲಿನ್ಯಾಗ ನೋಡೀನಿ. ಸೊಂಟ ಮೊದ್ಲು ಬಿಟ್ಟಿ. ಯಾವ ಮಾಸ್ತರ ಕಲಿಸಿದ್ದೋ ನಿನಗ?"

ನಾನು ಬಾಗಿಲಲ್ಲೇ ನಿಂತಿದ್ದೆ. ಗಾದಿಲಿಂಗಪ್ಪನವರು ನನ್ನನ್ನು ಕೂರಲು ಹೇಳಿದರು. "ನಿಮ್ಮ ಚಿಕ್ಕಪ್ಪ ಏನೂ ಹೇಳಿಲ್ಲೇನ್ ತಂಗಿ? ಇವನ ಮದುವಿ ದಿನ ಸಂಡೂರ ಹತ್ರ ಶೂಟಿಂಗ್ ಇತ್ತು. ಓಡೋ ಲಾರಿಯಿಂದ ಜಿಗೀಬೇಕು. ನೀ ಹೋಗಿ ತಾಳಿ ಕಟ್ಟಪಾ, ನಾ ಜಿಗೀತೀನಿ ಅಂದೆ. ಇವನ ಅಂಗಿ ನಾನ ಹಾಕ್ಕೊಂಡೆ." ಇಷ್ಟು ಹೇಳಿ ತಂತಿಯನ್ನು ಹಲ್ಲಿನಿಂದ ಕತ್ತರಿಸಿದರು. "ಎರಡು ವರ್ಷ ಇಲ್ಲಿ ಬಂದು ಬರೇ ಅಳ್ತಿದ್ದ. ಅಳಾಕ ನಮ್ಮ ಮನ್ಯಾಗ ನಾಕು ಮಂದಿ ಅದಾರ, ನೀ ಬರೋದಾದ್ರ ನಗಸು, ಇಲ್ಲಾಂದ್ರ ಬರಬ್ಯಾಡ ಅಂದೆ. ಅವತ್ತಿಂದ ಏನೇನೋ ಮಾಡಿ ತೋರಸ್ತಾನ. ಮೊದಮೊದ್ಲು ಒಂದಕ್ಕೂ ನಗು ಬರ್ತಿರಲಿಲ್ಲ, ಸುಮ್ನ ನಗ್ತಿದ್ದೆ."

ಚಿಕ್ಕಪ್ಪ ಅಂಗಳದ ಕೋಳಿಗಳನ್ನು ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಅವರ ಕತೆಗಳನ್ನು ಹೇಳಿ ಊರನ್ನು ನಗಿಸುತ್ತಿದ್ದವಳು ನಾನು.

ಹೆಚ್ಚು ಹೊತ್ತು ಕಾಲು ಇಳಿಬಿಡಬಾರದೆಂದು ಡಾಕ್ಟರು ಹೇಳಿದ್ದರು. ಅದನ್ನು ಹೇಳಿ, ಒಂದು ಸ್ಟೂಲು ಇದೆಯೇ ಎಂದು ಕೇಳಿದೆ. ಇರಲಿಲ್ಲ. ಗಾದಿಲಿಂಗಪ್ಪನವರು ಮೋಟರನ್ನು ಪಕ್ಕಕ್ಕೆ ಸರಿಸಿದರು. ಕುರ್ಚಿಯನ್ನು ಹತ್ತಿರಕ್ಕೆ ತಂದು, ಬಾಗಿ, ಚಿಕ್ಕಪ್ಪನ ಕಾಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಚಿಕ್ಕಪ್ಪ ಎಳೆದುಕೊಳ್ಳಲು ನೋಡಿದರು. "ಬ್ಯಾಡೋ, ಭಾರ ಆಗ್ತೈತಿ."

"ನನಗೇನ್ ಗೊತ್ತಾಗ್ತೈತಿ," ಎಂದರು ಗಾದಿಲಿಂಗಪ್ಪ. "ಸುಮ್ನ ಇಟ್ಕೋ."